ಯಜಮಾನಿಕೆಯ ಭಾರ

ಉಡುಪಿಯಿಂದ ತೆಂಕಲಾಗಿ ಹೊರಟವರಿಗೆ ಉದ್ಯಾವರವನ್ನು ದಾಟಿದೊಡನೆ ಕಟಪಾಡಿಯು ದೊರೆಯುತ್ತದೆ. ಅಲ್ಲಿಂದ ಮೂಡಲಿಗೆ ಶಿರ್ವದ ದಾರಿ. ಪಡುವಲಿಗೆ ಗುಳ್ಳಬದನೆಗೆ ಹೆಸರಾದ ಮಟ್ಟು ಮತ್ತು ಕಡಲು. ಮುಂದೆ ತೆಂಕಲಿಗೆ ಪಾಂಗಾಳ, ಕಾಪು. ತೆಂಗಿನ ತೋಟಗಳೂ ಬೈಲುಗದ್ದೆಗಳೂ ಒಂದನ್ನೊಂದು ಹೆಣೆದುಕೊಂಡಿರುವ ಈ ಊರಿನ ಬೀಡಿನ ಹೆಸರಿನಲ್ಲಿ ಮೂಡು-ಪಡು ಎಂಬ ಜೋಡುಕರೆಗಳ ಕಂಬಳವು ನಡೆಯುತ್ತದೆಂಬುದನ್ನು ಜಿಲ್ಲೆಯ ವಾಚಕರೆಲ್ಲರೂ ಬಲ್ಲರು. ಕೋಣಗಳ ಓಟವನ್ನು ನೋಡಲು ಬರುವ ಸಾವಿರಾರು ಮಂದಿಯಲ್ಲಿ, ತುಳುನಾಡಿನ ಬೀಡು ಗುತ್ತುಗಳ ಇಂತಹ ಗದ್ದೆಗಳು ಯಾರ ಸೊತ್ತು ಎಂದು ಕೇಳುವವರು ವಿರಳ. ಕೇಳಿದರೂ 'ಇಂಥ ಯಜಮಾನರದು' ಎಂಬ ಉತ್ತರವೇ ಹಿಂದಿನ ಕಾಲದಲ್ಲಿ ಬರುತ್ತಿದ್ದಿತು. ಆ ಉತ್ತರವು ಸರಿಯಲ್ಲ. ಗದ್ದೆಯು ಯಜಮಾನನ ಹೆಸರಿನಲ್ಲಿದ್ದಿತು, ಅವನದಾಗಿರಲಿಲ್ಲ. ಹೆಸರು ಒಬ್ಬನದು, ಸೊತ್ತು ಹಲವರದು ಎಂಬ ಈ ವ್ಯವಸ್ಥೆಯಲ್ಲಿ ಹೆಸರಿನವನು ಹೊತ್ತ ಹೊರೆ ಎಂತಹುದೆಂಬ ವಿಷಯಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ತಕ್ಕಷ್ಟು ಗಮನವು ಸಂದಿಲ್ಲ. ಅಳಿಯಸಂತಾನವನ್ನು ಕುರಿತು ಬರೆದವರೆಲ್ಲರೂ ಹೆಂಗಸಿನ ಹಕ್ಕನ್ನು ಹೊಗಳಿದರು, ಇಲ್ಲವೆ ಮಕ್ಕಳ ಅನಾಥತೆಯನ್ನು ಮರುಗಿದರು. ನಡುವೆ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಸೋದರಮಾವನನ್ನು ಕಂಡವರು ಕಡಮೆ.

ಅಳಿಯಸಂತಾನದ ಕುಟುಂಬವೆಂದರೆ ಒಬ್ಬ ಮೂಲ ಸ್ತ್ರೀಯಿಂದ ಹೆಣ್ಣಿನ ವಂಶವಾಗಿ ಇಳಿದು ಬಂದವರ ಸಮುದಾಯ. ಆಕೆಯ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕುಟುಂಬಕ್ಕೆ ಸೇರಿದವರು. ಹೆಣ್ಣುಮಕ್ಕಳ ಮಕ್ಕಳೂ ಸೇರಿದವರು. ಗಂಡುಮಕ್ಕಳ ಮಕ್ಕಳು ಮಾತ್ರ ತಮ್ಮ ತಾಯಿಯ ಕುಟುಂಬಕ್ಕೆ ಸೇರತಕ್ಕವರು. ಒಬ್ಬೊಬ್ಬ ಸ್ತ್ರೀಯೂ ಅವಳ ಸಂತತಿಯೂ ಕೂಡಿ ಒಂದು ಕವರು. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಮುಂತಾಗಿ ಹಲವು ಜನವರ್ಗಗಳಲ್ಲಿ ಈ ಪದ್ಧತಿಯು ನಡೆದು ಬಂದಿತು. ಇದರ ಮೂಲವನ್ನು ಬಾರಕೂರಿನ ಭೂತಾಳಪಾಂಡ್ಯನಿಗೆ ಕಟ್ಟುವ ಕಥೆಯು ಪ್ರಸಿದ್ಧವಾದುದು. ದೇವಪಾಂಡ್ಯನೆಂಬ ಅರಸನು ಹಡಗುಗಳನ್ನು ಕಟ್ಟಿಸಿ ಕಡಲಿಗೆ ಇಳಿಸುವಾಗ ಕುಂಡೋದರನೆಂಬ ಭೂತವು ತಡೆದು ನರಬಲಿಯನ್ನು ಬೇಡಿತಂತೆ. ರಾಣಿಯು ತನ್ನ ಮಗನನ್ನು ಕೊಡಲೊಪ್ಪಲಿಲ್ಲ. ಅರಸನ ತಂಗಿ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯನೆನಿಸಿ, ಸೊತ್ತು ಮಕ್ಕಳಿಗಲ್ಲದೆ ಅಳಿಯಂದಿರಿಗೆ ಸಲ್ಲತಕ್ಕದ್ದೆಂದು ಕಟ್ಟು ಮಾಡಿದನು. ಕಥೆಯು ಈ ಘಟನೆಯನ್ನು ಕ್ರಿಸ್ತಶಕ 77ನೆಯ ವರುಷಕ್ಕೆ ಹೊಂದಿಸುತ್ತದೆ. ಅಷ್ಟು ಪ್ರಾಚೀನತೆಯನ್ನು ಇತಿಹಾಸಜ್ಞರು ಒಪ್ಪಲಾರರು. ಭೂತಾಳಪಾಂಡ್ಯನ ಹೆಸರಿನಲ್ಲಿ ಕೋರ್ಟುಗಳ ಮುಂದೆ ಬಂದ ಕಟ್ಟುಕಟ್ಟಳೆಯ ಗ್ರಂಥವೂ ಅರ್ವಾಚೀನವೆಂಬ ಸಂಶಯಕ್ಕೆ ಗುರಿಯಾಗಿದೆ. ತೀರ ಹಿಂದುಳಿದ ಕಾಲದ ಪದ್ಧತಿಗೆ ಅರಸನೊಬ್ಬನ ಶಾಸನವು ಬೇಕಾಗಲೂ ಇಲ್ಲ. ಆದರೆ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು: ಹಡಗುಗಳು ಸಿಕ್ಕುವ ಮೊದಲು ಅಳಿಯನು ಬಲಿಪೀಠದ ಬಳಿ ನಿಲ್ಲಬೇಕಾಯಿತು. ಸೊತ್ತು ಸುಮ್ಮನೆ ಬಂದುದಲ್ಲ.

ಕುಟುಂಬದ ಆಡಳಿತವು ವಯಸ್ಸಿನಲ್ಲಿ ಹಿರಿಯರಾದವರಿಗೆ ಸಲ್ಲತಕ್ಕದ್ದು. ಮಲಬಾರಿನ ಮರುಮಕ್ಕತ್ತಾಯದಲ್ಲಿ ಕಾರಣವನು ಸಾಮಾನ್ಯವಾಗಿ ಗಂಡಸೇ ಆಗಿರುತ್ತಿದ್ದನು. ನಮ್ಮ ಜಿಲ್ಲೆಯಲ್ಲಾದರೋ ಹಿರಿಯರು ಗಂಡಸಾದರೆ ಯಜಮಾನ, ಹೆಂಗಸಾದರೆ ಯಜಮಾನ್ತಿ. ಯಜಮಾನ್ತಿಯಾದವಳು ಹಲವೆಡೆಗಳಲ್ಲಿ ತಮ್ಮನಿಗೋ ಮಗನಿಗೋ ಮುಕ್ತ್ಯಾರ್‌ನಾಮೆಯನ್ನು ಬರೆದುಕೊಟ್ಟು ಹೊರಗಣ ವ್ಯವಹಾರವನ್ನು ಅವನಿಂದ ನಡೆಸುತ್ತಿದ್ದಳು. ಹಣವನ್ನೂ ಅಕ್ಕಿಯನ್ನೂ ಮಾತ್ರ ತನ್ನ ಕಣ್ಣ ಮುಂದೆಯೇ ಅಳೆಯಿಸುತ್ತಿದ್ದಳು. ಯೋಗ್ಯತೆಯ ಪರೀಕ್ಷೆಯೆಂಬುದು ಈ ಹುದ್ದೆಗೆ ಇರಲಿಲ್ಲ. ಹಿರಿಯನು ಕಣ್ಮುಚ್ಚಿದ ದಿನ ಮರುಹಿರಿಯನ ಕೊರಳಿಗೆ ಅದು ಬೀಳುತ್ತಿದ್ದಿತು. ಲೆಕ್ಕ ಬಾರದವನಿಗೂ, ಮುಂಗೋಪಿಗೂ, ಊರು ಬಿಟ್ಟು ಹೋಗಬೇಕೆಂದಿದ್ದವನಿಗೂ ಅದೇ ಗತಿ.

ಅವನ ವರ್ಷವು ಹೇಗೆ ಸಾಗುತ್ತಿದ್ದಿತೆಂಬುದನ್ನು ನೋಡಿದರೆ ಭಾರದ ಪರಿಮಾಣವು ತಿಳಿಯುತ್ತದೆ. ಕಟಪಾಡಿಯ ಸುತ್ತಿನಲ್ಲಿ ಭೂಮಿಯು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳಾಗಬಹುದು. ಬೆಟ್ಟಿನಲ್ಲಿ ಮಳೆಯನ್ನೇ ನಂಬಿದ ಒಂದು ಬೆಳೆ. ಕುಟುಂಬವು ಸ್ವಂತವಾಗಿ ಬೇಸಾಯ ಮಾಡುವ ಗದ್ದೆಗಳಿಗೆ ಆಳು, ಕೋಣ, ಗೊಬ್ಬರ, ಬೀಜಗಳ ಚಿಂತೆ. ಉಳಿದ ಭೂಮಿಯು ಒಕ್ಕಲುಗಳ ಕೈಯಲ್ಲಿ. ಮೂಲಗೇಣಿಯ ಒಕ್ಕಲು ಶಾಶ್ವತನು. ಅವನಿಂದ ಬರುವ ಗೇಣಿಯು ಅಜ್ಜನ ಕಾಲದಲ್ಲಿ ಗೊತ್ತಾದುದು, ಏರುವಂತಿಲ್ಲ. ಚಾಲಗೇಣಿಯವನಾದರೆ ವರ್ಷ ವರ್ಷದ ಮಾತು. ಅವನೊಡನೆ ಪ್ರತಿಸಲವೂ ಚರ್ಚೆ, ಬೆಳೆ ಹೋದಾಗ ರಿಯಾಯಿತಿ, ಕೊಡದಿದ್ದಾಗ ದಾವೆ. ಗೇಣಿಯು ಅಕ್ಕಿಯ ಮುಡಿಗಳಾಗಿ ಬರುತ್ತಿದ್ದಿತು. ಮುಡಿಯೊಂದಕ್ಕೆ ಮೂರು ಕಳಸೆ, ಅಂದರೆ 42 ಸೇರು. ಎಷ್ಟು ಮುಡಿ ಬಂದಿತೆಂಬುದಕ್ಕಿಂತ ಎಷ್ಟು ಮುಡಿ ಹೋಯಿತೆಂಬುದೇ ಮುಖ್ಯ. ಚಾವಡಿಯಲ್ಲಿ ಮೂವತ್ತು ನಲುವತ್ತು ಎಲೆಗಳು ಬೀಳುವ ಮನೆಗಳಿದ್ದುವು. ಸೊಸೆಯಂದಿರ ಬಾಣಂತನ, ಅಳಿಯಂದಿರ ಶಾಲೆ, ಮದುವೆಗಳು, ಸೀಕು ಸಂಕಟ, ಬೊಜ್ಜ. ಮಳೆಗಾಲಕ್ಕೆ ಮೊದಲು ಮಾಡಿನ ಹುಲ್ಲನ್ನೋ ಹಂಚನ್ನೋ ಸರಿಪಡಿಸುವುದು. ದೈವಗಳಿಗೆ ತಂಬಿಲ, ಅಗೆಲು, ನೇಮ. ಕಂಬಳವಿರುವ ಮನೆಯಾದರೆ ಅದರ ವೆಚ್ಚ ಬೇರೆ. ಇವೆಲ್ಲಕ್ಕೂ ಮೊದಲು ಸರಕಾರದ ತೀರ್ವೆ. ವರ್ಗವು ಯಜಮಾನನ ಹೆಸರಿನಲ್ಲಿ ಇರುತ್ತಿದ್ದಿತಾದ ಕಾರಣ ಬಾಕಿಯ ನೋಟೀಸೂ ಅವನ ಹೆಸರಿಗೇ ಬರುತ್ತಿದ್ದಿತು. ಶಾನುಭೋಗನು ಬಾಗಿಲಿಗೆ ಬಂದಾಗ ಮೂವತ್ತು ಮಂದಿ ಪಾಲುದಾರರಲ್ಲಿ ಒಬ್ಬನೂ ಚಾವಡಿಯಲ್ಲಿ ಇರುತ್ತಿರಲಿಲ್ಲ.

ಇಷ್ಟೂ ಮಾಡಿದವನಿಗೆ ಪ್ರತಿಫಲವೇನು? ಊಟ, ಬಟ್ಟೆ, ಮನ್ನಣೆ. ನೇಮದ ದಿನ ದೈವವು ಮೊದಲು ಅವನನ್ನು ಕರೆಯುತ್ತದೆ. ಜನರು ಅವನ ಮುಂದೆ ಮುಂಡಾಸನ್ನು ತೆಗೆಯುತ್ತಾರೆ. ಇದನ್ನು ಸಣ್ಣದೆಂದು ತಿಳಿಯಬಾರದು. ಮಾನಕ್ಕಾಗಿ ಜನರು ಹಣಕ್ಕಿಂತ ಹೆಚ್ಚು ದುಡಿದ ಕಾಲವದು. ಆದರೂ ಸಂಜೆಯ ವೇಳೆಯಲ್ಲಿ ಯಜಮಾನನು ಚಾವಡಿಯಿಂದೆದ್ದು ಒಳಗೆ ಹೋದಾಗ ಬೇರೊಂದು ಲೆಕ್ಕವು ಅವನನ್ನು ಕಾದಿರುತ್ತಿದ್ದಿತು. ಅವನ ಹೆಂಡತಿಯು ಬೇರೆ ಕುಟುಂಬದವಳು. ಅವನ ಮಕ್ಕಳೂ ಬೇರೆ ಕುಟುಂಬದವರು. ಅವರು ಆ ಮನೆಯ ಜಗಲಿಯಲ್ಲಿ ಆಡಿ ಬೆಳೆಯುತ್ತಾರೆ, ಆ ಬೈಲಿನ ಅಕ್ಕಿಯನ್ನು ಉಣ್ಣುತ್ತಾರೆ. ಆದರೆ ಅವರಿಗೆ ಅಲ್ಲಿ ಒಂದು ಸೆಂಟು ಭೂಮಿಯೂ ಇಲ್ಲ. ಯಜಮಾನನು ತೀರಿಕೊಂಡರೆ, ಹಲವು ಮನೆಗಳಲ್ಲಿ, ಉತ್ತರಕ್ರಿಯೆಯು ಮುಗಿಯುತ್ತಲೇ ವಿಧವೆಯು ಮಕ್ಕಳನ್ನು ಕರೆದುಕೊಂಡು ತನ್ನ ತವರಿನ ಕುಟುಂಬಕ್ಕೆ ಹಿಂತಿರುಗುತ್ತಿದ್ದಳು. ಅಲ್ಲಿ ಅವಳಿಗೆ ಹಕ್ಕುಂಟು, ನಿಜ. ಬೇರೊಬ್ಬ ಯಜಮಾನನು, ಅವಳ ಅಣ್ಣನು, ಅಲ್ಲಿ ಅವಳ ಮಕ್ಕಳಿಗಾಗಿ ದುಡಿಯುತ್ತಿರುತ್ತಾನೆ. ಅವನ ಮಕ್ಕಳು ಇನ್ನೊಂದು ಮನೆಯಲ್ಲಿ. ಹೀಗೆ ಒಬ್ಬನ ಮಕ್ಕಳನ್ನು ಇನ್ನೊಬ್ಬನು ಸಾಕುವ ಸರಪಣಿಯು ತುಳುನಾಡನ್ನೆಲ್ಲ ಹಬ್ಬಿದ್ದಿತು. ಸರಪಣಿಯ ಎಲ್ಲ ಕೊಂಡಿಗಳೂ ಗಟ್ಟಿಯಾಗಿರುವವರೆಗೆ ಯಾವ ಮಗುವೂ ಹಸಿಯಲಿಲ್ಲ. ಒಂದು ಕೊಂಡಿಯು ಸಡಿಲವಾದರೆ ಮಾತ್ರ ಇಬ್ಬದಿಯಲ್ಲಿಯೂ ನೋವು.

ಸಂಶಯವು ಹುಟ್ಟುತ್ತಿದ್ದುದು ಇಲ್ಲಿಯೇ. ಯಜಮಾನನು ತನ್ನ ಹೆಂಡತಿಗೆ ಒಂದು ಜತೆ ಬಳೆಯನ್ನು ಮಾಡಿಸಿದರೆ ಅಕ್ಕನ ಮಕ್ಕಳು ಅದರ ತೂಕವನ್ನು ಕಣ್ಣಲ್ಲಿಯೇ ಅಳೆಯುತ್ತಿದ್ದರು. ಅವನು ಮಗನ ಹೆಸರಿನಲ್ಲಿ ಒಂದು ತೋಟವನ್ನು ಕೊಂಡರೆ ಹಣ ಎಲ್ಲಿಯದೆಂಬ ಪ್ರಶ್ನೆ. ಸ್ವಂತ ವ್ಯಾಪಾರದಲ್ಲಿ ಗಳಿಸಿದುದು ಎಂದು ಅವನು ಹೇಳಬಹುದು; ಆದರೆ ಆಡಳಿತವನ್ನು ಕೈಯಲ್ಲಿ ಹಿಡಿದವನ ಹೆಸರಿನಲ್ಲಿ ಕೊಂಡ ಸೊತ್ತು ಕುಟುಂಬದ ಹಣದಿಂದಲೇ ಬಂದುದೆಂದು ಊಹಿಸುವ ಕಡೆಗೆ ನ್ಯಾಯಾಲಯಗಳ ಒಲವು ಇದ್ದಿತು; ಅಲ್ಲವೆಂದು ತೋರಿಸುವ ಭಾರವು ಅವನದು. ಕುಟುಂಬದ ಇತರರಿಗೆ ಈ ತೊಡಕಿಲ್ಲ. ಆದಕಾರಣ ಜಾಣನಾದ ಯಜಮಾನನು ಎರಡು ಪೆಟ್ಟಿಗೆಗಳನ್ನೂ ಎರಡು ಪುಸ್ತಕಗಳನ್ನೂ ಇಡುತ್ತಿದ್ದನು. ಜಾಣನಲ್ಲದ ಪ್ರಾಮಾಣಿಕನು ಒಂದೇ ಪೆಟ್ಟಿಗೆಯನ್ನಿಟ್ಟು, ತನ್ನ ಹಣವನ್ನೂ ಅದರಲ್ಲಿಯೇ ಸುರಿದು, ಕಡೆಗೆ ಕಳ್ಳನೆನಿಸಿಕೊಂಡು ಸಾಯುತ್ತಿದ್ದನು. ಅಪ್ರಾಮಾಣಿಕರೂ ಇದ್ದರು. ಅಳಿಯಂದಿರನ್ನು ಹಸಿಯಗೊಟ್ಟು ಮಕ್ಕಳಿಗೆ ಆಸ್ತಿ ಮಾಡಿದ ಮಾವಂದಿರ ಕಥೆಗಳು ಪ್ರತಿಯೊಂದು ಗ್ರಾಮದಲ್ಲಿಯೂ ಕೇಳಬರುತ್ತವೆ. ಸ್ವಭಾವವು ಒಂದು ಕಡೆಗೂ ಕಟ್ಟಳೆಯು ಇನ್ನೊಂದು ಕಡೆಗೂ ಎಳೆಯುವಲ್ಲಿ ಎಲ್ಲರೂ ಕಟ್ಟಳೆಯ ಕಡೆಗೇ ನಿಂತಾರೆಂದು ನಿರೀಕ್ಷಿಸಿದುದು ಈ ಪದ್ಧತಿಯ ದೊಡ್ಡತನವೂ ಹೌದು, ದೌರ್ಬಲ್ಯವೂ ಹೌದು.

ಇಂತಹ ಒಳಜಗಳಗಳಿಗೆ ಇಂಗ್ಲಿಷರ ಕಾಲದಲ್ಲಿ ಹೊಸ ರೂಪವೊಂದು ಬಂದಿತು. 1799ರಲ್ಲಿ ಕೆನರಾ ಪ್ರಾಂತವು ಕಂಪೆನಿಯ ಕೈಗೆ ಬಂದು, ಕಲೆಕ್ಟರನಾದ ತೋಮಸ್ ಮನ್ರೋವು ತೀರ್ವೆಯನ್ನು ನಿಗದಿಪಡಿಸಿದನು. 1862ರಲ್ಲಿ ಪ್ರಾಂತವು ಇಬ್ಭಾಗವಾಗಿ ಉತ್ತರದ ಭಾಗವು ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಅದರ ಮರುವರುಷವೇ, 1863ರಲ್ಲಿ, ಮದ್ರಾಸಿನ ಹೈಕೋರ್ಟು ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಎಂಬವರ ವ್ಯಾಜ್ಯದಲ್ಲಿ ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯನು ಬಲಾತ್ಕಾರವಾಗಿ ಪಾಲು ಕೇಳುವಂತಿಲ್ಲವೆಂದು ತೀರ್ಪು ಕೊಟ್ಟಿತು. ಎಲ್ಲರೂ ಒಪ್ಪಿದರೆ ಪಾಲಾಗಬಹುದು. ಒಬ್ಬನು ಒಪ್ಪದಿದ್ದರೆ ಇಲ್ಲ. ಮೇಲುನೋಟಕ್ಕೆ ಈ ತೀರ್ಪು ಕುಟುಂಬವನ್ನು ಉಳಿಸಿತು. ಪಿತ್ರಾರ್ಜಿತವಾದ ಗದ್ದೆಗಳು ಚೂರುಚೂರಾಗದೆ ಎಂಬತ್ತಾರು ವರುಷಗಳ ಕಾಲ ನಿಂತುದಕ್ಕೆ ಅದೇ ಕಾರಣವೆಂದರೂ ಸಲ್ಲುತ್ತದೆ. ಆದರೆ ಬಾಗಿಲಿಲ್ಲದ ಮನೆಯಲ್ಲಿ ಜಗಳವಾಡಿದವರು ಎಲ್ಲಿಗೆ ಹೋಗಬೇಕು? ಅಸಮಾಧಾನಗೊಂಡ ಅಳಿಯನು ತನ್ನ ಪಾಲನ್ನು ತೆಗೆದುಕೊಂಡು ಹೊರಡುವಂತಿಲ್ಲ. ಅವನಿಗೆ ಉಳಿದ ದಾರಿಗಳು ಎರಡು: ಜೀವನಾಂಶಕ್ಕಾಗಿ ದಾವೆ ಹೂಡುವುದು, ಇಲ್ಲವೆ ಯಜಮಾನನು ದುರಾಡಳಿತ ಮಾಡಿದನೆಂದು ಸಾಧಿಸಿ ಅವನನ್ನು ಪದಚ್ಯುತಗೊಳಿಸುವುದು. ವರ್ಷದ ಲೆಕ್ಕವನ್ನು ಕೊಡು ಎಂದು ನೆಟ್ಟಗೆ ಕೇಳುವ ಹಕ್ಕು ದುರ್ಬಲವಾಗಿದ್ದಿತು. ಆದ್ದರಿಂದ ಲೆಕ್ಕವನ್ನು ನೋಡಬೇಕೆಂದಿದ್ದವನು ಮಾವನ ಮೇಲೆ ಕಳ್ಳತನದ ಆರೋಪವನ್ನೇ ಹೊರಿಸಬೇಕಾಯಿತು. ಸಣ್ಣ ಪ್ರಶ್ನೆಗೆ ಸ್ಥಳವಿಲ್ಲದಲ್ಲಿ ದೊಡ್ಡ ಆರೋಪವು ಹುಟ್ಟುತ್ತದೆ. ಉಡುಪಿಯ ಮುನ್ಸೀಫ್ ಕೋರ್ಟಿನ ಜಗಲಿಯಲ್ಲಿ ಒಂದೇ ಅಜ್ಜಿಯ ಮೊಮ್ಮಕ್ಕಳು ವಾದಿ ಪ್ರತಿವಾದಿಗಳಾಗಿ ಎದುರುಬದುರು ಕುಳಿತು, ಮಧ್ಯಾಹ್ನದ ಊಟಕ್ಕೆ ಒಂದೇ ಮನೆಯಿಂದ ಬಂದ ಬುತ್ತಿಯನ್ನು ಬಿಚ್ಚಿರಲೂಬಹುದು.

ಸಾಲದ ವಿಷಯದಲ್ಲಿಯೂ ಯಜಮಾನನ ಕೈ ಕಟ್ಟಿದಂತೆಯೇ ಇದ್ದಿತು. ಕುಟುಂಬದ ಅಗತ್ಯಕ್ಕಾಗಿ ಮಾಡಿದ ಸಾಲವು ಕುಟುಂಬವನ್ನು ಬಂಧಿಸುತ್ತದೆ. ಅಗತ್ಯವಿಲ್ಲದೆ ಮಾಡಿದುದು ಅವನೊಬ್ಬನನ್ನು. 1856ರಲ್ಲಿ ಪ್ರಿವಿ ಕೌನ್ಸಿಲು ಹನುಮಾನ್ ಪ್ರಸಾದ್ ಪಾಂಡೆಯ ವ್ಯಾಜ್ಯದಲ್ಲಿ, ಸಾಲ ಕೊಡುವವನು ಅಗತ್ಯವಿದೆಯೇ ಎಂದು ವಿಚಾರಿಸಬೇಕು, ಕೊಟ್ಟ ಹಣವು ಹೇಗೆ ವೆಚ್ಚವಾಯಿತೆಂದು ಕಾಯಬೇಕಿಲ್ಲ ಎಂದು ಹೇಳಿತು. ಆ ತೀರ್ಪು ಬಾಲಕನೊಬ್ಬನ ಆಸ್ತಿಯನ್ನು ನೋಡಿಕೊಳ್ಳುವವರನ್ನು ಕುರಿತದ್ದಾದರೂ ಅದರ ತತ್ತ್ವವು ದೇಶದಲ್ಲೆಲ್ಲ ಒಟ್ಟುಕುಟುಂಬಗಳ ಹಿರಿಯರಿಗೆ ಅನ್ವಯವಾಯಿತು. ಇದರ ಫಲವಾಗಿ ಸಾಲ ಕೊಡುವವನು ಎಚ್ಚರಿಕೆಯುಳ್ಳವನಾದರೆ ಅಡವಿನ ಪತ್ರಕ್ಕೆ ಅಳಿಯಂದಿರ ಸಹಿಯನ್ನೂ ಕೇಳತೊಡಗಿದನು. ಸಹಿ ಹಾಕುವುದಕ್ಕೆ ಬೆಲೆ ಬಂದಿತು. ಬೆಲೆ ಬಂದೊಡನೆ ಚೌಕಾಸಿಯೂ ಬಂದಿತು. ತಂಗಿಯ ಮಗಳ ಮದುವೆಗಾಗಿ ಸಾಲ ಮಾಡಹೊರಟ ಯಜಮಾನನು ಅಕ್ಕನ ಮಗನ ಸಹಿಗಾಗಿ ಅವನ ಸ್ವಂತ ಕೈಸಾಲವನ್ನು ತೀರಿಸಬೇಕಾಗಿ ಬರುತ್ತಿದ್ದಿತು.

ಕೋರ್ಟಿಗೆ ಮೊದಲೇ, ಕೋರ್ಟಿನ ಜತೆಗೂ, ಇನ್ನೊಂದು ನ್ಯಾಯಾಸನವು ತುಳುನಾಡಿನಲ್ಲಿ ಇದ್ದಿತೆಂಬುದನ್ನು ಮರೆಯಲಾಗದು. ಗುತ್ತು ಬೀಡುಗಳಲ್ಲಿ ಹಿರಿಯನಾದವನು ಗಡಿಯನ್ನು ಹಿಡಿಯುವುದು ದೈವದ ಮುಂದೆ. ಹೊಸ ಹೆಸರು ಬರುವುದೂ ಆಗಲೇ. ಆ ಕ್ಷಣದಿಂದ ಅವನು ತನ್ನ ಹುಟ್ಟುಹೆಸರಿನ ಮನುಷ್ಯನಲ್ಲ. ನೇಮದ ದಿನ ಕುಟುಂಬದವರೆಲ್ಲ ಅಂಗಳದಲ್ಲಿ ನೆರೆದಿರುವಾಗ ಯಾರಿಗಾದರೂ ದೂರಿದ್ದರೆ ಅದನ್ನು ದೈವದ ಮುಂದೆ ಹೇಳಬಹುದು. ದೈವವು ಯಜಮಾನನನ್ನು ಕರೆದು ಕೇಳುತ್ತದೆ. ಅವನು ಎಲ್ಲರ ಎದುರಿನಲ್ಲಿ ಉತ್ತರ ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ಆಣೆ. ಧರ್ಮಸ್ಥಳಕ್ಕೆ ಹೋಗಿ ಹೆಗ್ಗಡೆಯವರ ಮುಂದೆ ಹೊಯ್ಲು ಹೇಳಿಕೊಳ್ಳುವುದೂ ಉಂಟು. ಸಾಕ್ಷಿ ರುಜುವಾತುಗಳಿಲ್ಲದ ಈ ವಿಚಾರಣೆಯನ್ನು ಮೂಢತನವೆಂದು ತಳ್ಳಿಬಿಡುವುದು ಸುಲಭ. ಆದರೆ ಯಜಮಾನನ ಒಳಲೆಕ್ಕವನ್ನು ನೋಡಬಲ್ಲ ಪರಿಶೋಧಕನು ಬೇರೆ ಯಾರೂ ಇಲ್ಲದಿದ್ದಾಗ, ವರುಷಕ್ಕೊಮ್ಮೆಯಾದರೂ ಎಲ್ಲರ ಮುಂದೆ ನಿಂತು ಕೇಳಿಸಿಕೊಳ್ಳಬೇಕೆಂಬ ನಿಯಮವು ಸಣ್ಣ ಕಾವಲಲ್ಲ. ಇಂಗ್ಲೆಂಡಿನಲ್ಲಿ ಯುದ್ಧಕ್ಕೆ ಹೊರಟವನು ತನ್ನ ಭೂಮಿಯನ್ನು ಸ್ನೇಹಿತನ ಹೆಸರಿಗೆ ಮಾಡಿ, ಹೆಂಡಿರು ಮಕ್ಕಳಿಗಾಗಿ ನೋಡಿಕೋ ಎಂದು ಹೇಳಿ ಹೋಗುತ್ತಿದ್ದನಂತೆ. ಸ್ನೇಹಿತನು ತಪ್ಪಿದರೆ ಸಾಮಾನ್ಯ ನ್ಯಾಯಾಲಯವು ಕಾಗದವನ್ನು ನೋಡಿ ಅವನ ಪಕ್ಷವನ್ನೇ ಹಿಡಿಯುತ್ತಿದ್ದಿತು. ಅವನ ಅಂತಸ್ಸಾಕ್ಷಿಯನ್ನು ಪ್ರಶ್ನಿಸಲು ಚಾನ್ಸಲರನ ನ್ಯಾಯಾಲಯವು ಬೇಕಾಯಿತು. ಟ್ರಸ್ಟ್ ಎಂಬ ವ್ಯವಸ್ಥೆಯು ಅಲ್ಲಿ ಹುಟ್ಟಿದುದು ಹೀಗೆ. ನಮ್ಮಲ್ಲಿ ಆ ಕೆಲಸವನ್ನು ಮಾಡಿದುದು ಚಾವಡಿಯ ದೈವ.

ಇಂಗ್ಲಿಷರ ಆ ನಿಯಮಗಳನ್ನೇ ಸಂಗ್ರಹಿಸಿ 1882ರಲ್ಲಿ ಭಾರತೀಯ ಟ್ರಸ್ಟು ಕಾಯಿದೆಯನ್ನು ಮಾಡಿದರು. ಅಳಿಯಸಂತಾನದ ಯಜಮಾನನಿಗೆ ಆ ಕಾಯಿದೆಯು ಅನ್ವಯಿಸಲಿಲ್ಲ. ಆದರೆ ಅದನ್ನು ಓದಿದವರಿಗೆ ಅವನ ಚಿತ್ರವೇ ಕಣ್ಣೆದುರಿಗೆ ಬರುತ್ತದೆ. ಟ್ರಸ್ಟಿಯಾದವನು ಒಮ್ಮೆ ಒಪ್ಪಿಕೊಂಡ ಮೇಲೆ ಸುಮ್ಮನೆ ಬಿಟ್ಟುಹೋಗುವಂತಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವಂತಿಲ್ಲ. ಬೇರೆ ಕರಾರಿಲ್ಲದಿದ್ದರೆ ದುಡಿತಕ್ಕೆ ಸಂಬಳವಿಲ್ಲ. ಟ್ರಸ್ಟಿನ ಸೊತ್ತಿನಿಂದ ಸ್ವಂತಕ್ಕೆ ಲಾಭ ಮಾಡಿಕೊಳ್ಳುವಂತಿಲ್ಲ. ಲೆಕ್ಕವನ್ನು ಇಟ್ಟು, ಕೇಳಿದವರಿಗೆ ತೋರಿಸಬೇಕು. ಆದರೆ ಯಜಮಾನನಿಗಿಲ್ಲದ ಅನುಕೂಲಗಳೂ ಟ್ರಸ್ಟಿಗೆ ಇವೆ: ಕೈಯಿಂದ ಹಾಕಿದ ವೆಚ್ಚವನ್ನು ಸೊತ್ತಿನಿಂದ ಹಿಂದಕ್ಕೆ ಪಡೆಯುವ ಹಕ್ಕು; ಆಡಳಿತದಲ್ಲಿ ದಾರಿ ತೋರದಾಗ ನ್ಯಾಯಾಲಯದ ಅಭಿಪ್ರಾಯವನ್ನು ಕೇಳುವ ಹಕ್ಕು; ಕ್ರಮದಂತೆ ಬಿಡುಗಡೆಯನ್ನು ಹೊಂದುವ ಹಕ್ಕು. ಎಲ್ಲಕ್ಕೂ ಮಿಗಿಲಾಗಿ, ಟ್ರಸ್ಟಿಯು ತಾನಾಗಿ ಒಪ್ಪಿ ಆ ಕೆಲಸಕ್ಕೆ ಬರುತ್ತಾನೆ. ಯಜಮಾನನನ್ನು ಯಾರೂ ಕೇಳಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ವ್ಯವಸ್ಥೆಯ ಬುಡವೇ ಅಲುಗತೊಡಗಿತು. ಇಂಗ್ಲಿಷು ಕಲಿತ ಅಳಿಯಂದಿರು ವಕೀಲರೂ ಗುಮಾಸ್ತರೂ ಆದರು. ಕಲಿಯದವರು ಮುಂಬಯಿಯ ದಾರಿಯನ್ನು ಹಿಡಿದು ಹೋಟೆಲುಗಳಲ್ಲಿ ದುಡಿದರು. ಊರಿನಲ್ಲಿ ಉಳಿದ ಯಜಮಾನನು ಕಣ್ಣಿಗೆ ಕಾಣದವರಿಗಾಗಿ ಗದ್ದೆಯನ್ನು ಕಾಯುವಂತಾಯಿತು. ಮನಿಯಾರ್ಡರು ಬರುತ್ತಿದ್ದ ವರುಷಗಳಲ್ಲಿ ಅವನು ಒಳ್ಳೆಯವನು. ಅಕ್ಕಿಯ ಕ್ರಯವು ಇಳಿದು ತೀರ್ವೆಗೆ ಕೊರತೆ ಬಿದ್ದು ಅವನೇ ಕಾಗದ ಬರೆದು ಹಣ ಕೇಳಿದ ವರುಷಗಳಲ್ಲಿ ಅವನ ಆಡಳಿತದ ಮೇಲೆ ಅನುಮಾನ. ಸ್ವಂತ ಗಳಿಕೆಯುಳ್ಳ ಯುವಕರು ಅದನ್ನು ತಮ್ಮ ಹೆಂಡತಿ ಮಕ್ಕಳಿಗೆ ಬಿಡಬೇಕೆಂದು ಬಯಸಿದುದು ಸಹಜ. ಮಲಬಾರಿನಲ್ಲಿ 1933ರಲ್ಲಿಯೇ ಮರುಮಕ್ಕತ್ತಾಯದ ಕಾಯಿದೆಯು ಜಾರಿಗೆ ಬಂದು ತರವಾಡುಗಳಿಗೆ ಪಾಲಿನ ದಾರಿಯು ತೆರೆಯಿತು. ತುಳುನಾಡು ಮತ್ತೂ ಹದಿನಾರು ವರುಷ ಕಾಯಬೇಕಾಯಿತು.

1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಮದುವೆ, ಜೀವನಾಂಶ, ಪಾಲಕತ್ವ, ಉತ್ತರಾಧಿಕಾರ, ಕುಟುಂಬದ ಆಡಳಿತ, ವಿಭಾಗ ಎಂಬ ಎಲ್ಲ ವಿಷಯಗಳನ್ನೂ ಮುಟ್ಟಿತು. ಆಡಳಿತದ ಭಾಗದಲ್ಲಿ ಯಜಮಾನನು ಲೆಕ್ಕವನ್ನು ಇಡತಕ್ಕದ್ದೆಂದೂ ಕುಟುಂಬದವರಿಗೆ ಅದನ್ನು ನೋಡುವ ಹಕ್ಕಿದೆಯೆಂದೂ ಗೊತ್ತಾಯಿತು. ಅಳಿಯಂದಿರಿಗೆ ಇದು ಜಯವೆಂದು ತೋರಿತು. ಯಜಮಾನನಿಗೂ ಅದು ಉಪಕಾರವೇ ಆಯಿತು. ವರ್ಷ ವರ್ಷ ಲೆಕ್ಕ ತೋರಿಸಿದವನ ಮೇಲೆ ಇಪ್ಪತ್ತು ವರುಷಗಳ ಬಳಿಕ ಕಳ್ಳತನದ ಆರೋಪವು ಸುಲಭವಾಗಿ ನಿಲ್ಲಲಾರದು.

ಆದರೆ ಜನರ ಕಣ್ಣು ಲೆಕ್ಕದ ವಿಧಿಗಳ ಮೇಲೆ ಇರಲಿಲ್ಲ. ವಿಭಾಗದ ಮೇಲೆ ಇದ್ದಿತು. ಪ್ರಾಪ್ತವಯಸ್ಕರಾದ ಸದಸ್ಯರಲ್ಲಿ ಬಹುಮತವಿದ್ದರೆ ಒಂದು ಕವರು ತನ್ನ ಪಾಲನ್ನು ಕೇಳಬಹುದು. ಕೇಳತಕ್ಕದ್ದು ಕವರು, ಒಬ್ಬೊಬ್ಬ ವ್ಯಕ್ತಿಯಲ್ಲ. ಕವರುಗಳಲ್ಲಿಯೂ ಎರಡು ಬಗೆ ಮಾಡಲ್ಪಟ್ಟಿತು. ಐವತ್ತು ವರುಷ ತುಂಬದ ಹೆಂಗಸೊಬ್ಬಳಾದರೂ ಇರುವುದು ಸಂತತಿ ಕವರು. ಅಂಥವಳಿಲ್ಲದ್ದು ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಸಿಕ್ಕುವ ಪಾಲು ಜೀವಮಾನದ ಮಟ್ಟಿಗೆ ಮಾತ್ರ. ಕೊನೆಯವನು ತೀರಿದ ಮೇಲೆ ಅದು ಕುಟುಂಬಕ್ಕೇ ಹಿಂತಿರುಗಬೇಕು. ತಾಯಿಯೂ ಅಕ್ಕತಂಗಿಯರೂ ಇಲ್ಲದೆ ಒಂಟಿಯಾದ ಯಜಮಾನನೊಬ್ಬನನ್ನು ಭಾವಿಸಿಕೊಳ್ಳಬೇಕು. ಅವನ ಕವರೆಂದರೆ ಅವನೊಬ್ಬನೇ. ನಲುವತ್ತು ವರುಷ ಅವನು ದೊಡ್ಡಮ್ಮ ಚಿಕ್ಕಮ್ಮಂದಿರ ಸಂತತಿಗಾಗಿ ಬೈಲನ್ನು ಕಾಯುತ್ತಾನೆ. ಪಾಲಿನ ದಿನ ಅವನ ಕೈಗೆ ಬರುವುದು ಉಸಿರಿರುವವರೆಗಿನ ಹಕ್ಕು. ಅದನ್ನೂ ಅವನು ಸತ್ತ ಮರುದಿನ ಅವರೇ ಪಡೆಯುತ್ತಾರೆ. ಹೆಣ್ಣಿನ ವಂಶವನ್ನು ಉಳಿಸಬೇಕೆಂಬ ಹಳೆಯ ತತ್ತ್ವಕ್ಕೆ ಇದು ಸರಿಯಾಗಿಯೇ ಇದೆ. ಕಾಯಿದೆಯನ್ನು ಬರೆದವರು ತರ್ಕದಲ್ಲಿ ತಪ್ಪಿಲ್ಲ. ಆ ಒಂಟಿ ಮನುಷ್ಯನ ಮುಖವನ್ನು ಅವರು ನೋಡಿರಲಾರರು.

ಕಾಯಿದೆ ಬಂದ ಮೇಲಿನ ವರುಷಗಳಲ್ಲಿ ಪಾಲುಪಟ್ಟಿಗಳ ಸಾಲೇ ಹೊರಟಿತು. ಎಷ್ಟೋ ಮನೆಗಳಲ್ಲಿ ಯಜಮಾನನೇ ಮುಂದಾಗಿ ನಿಂತು ಪಾಲು ಮಾಡಿಸಿದನೆಂಬುದು ಆಶ್ಚರ್ಯವಲ್ಲ. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯು ಪಾಲಾಗದ ಕುಟುಂಬದಲ್ಲಿಯೂ ಒಬ್ಬೊಬ್ಬನ ಅಂಶವು ಅವನ ಮರಣಾನಂತರ ಹೊಸ ಕ್ರಮದಂತೆ ಅವನ ವಾರಸುದಾರರಿಗೆ ಹೋಗತಕ್ಕದ್ದೆಂದೂ, ಅದನ್ನು ಮರಣಶಾಸನದ ಮೂಲಕ ಬೇಕಾದವರಿಗೆ ಬಿಡಬಹುದೆಂದೂ ವಿಧಿಸಿತು. ಅಳಿಯಸಂತಾನದ ಮನೆಗೆ ಮಗನು ಮೊದಲ ಬಾರಿಗೆ ಹಕ್ಕಿನಿಂದ ಕಾಲಿಟ್ಟನು. ಅದೇ ವರುಷದ ನವೆಂಬರಿನಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಬಳಿಕ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಗಿ, ಭೂನ್ಯಾಯ ಮಂಡಳಿಗಳ ಮೂಲಕ ಉಳುವವರ ಕೈ ಸೇರಿತು. ಉಳುವವನಿಗೆ ನ್ಯಾಯವು ದೊರೆತ ದಿನವದು. ಅದಕ್ಕೆ ಮರುಗುವ ಕಾರಣವಿಲ್ಲ. ಗೇಣಿಯ ಮುಡಿಗಳು ನಿಂತುವು. ಮುಡಿಗಳ ಲೆಕ್ಕದ ಪುಸ್ತಕವೂ ನಿಂತಿತು.

ನಿಲ್ಲದೆ ಉಳಿದುದು ದೈವದ ಕೋಣೆ. ಭೂಮಿಯನ್ನು ಪಾಲು ಮಾಡಬಹುದು. ದೈವದ ಮಂಚವನ್ನೂ ಮೊಗವನ್ನೂ ಪಾಲು ಮಾಡಲಾಗದು. ಪಾಲುಪಟ್ಟಿಗಳಲ್ಲಿ ಮೂಲಮನೆ, ದೈವಸ್ಥಾನ, ನಾಗಬನ, ಅವುಗಳ ಸುತ್ತಲಿನ ತುಸು ಜಾಗ ಇವುಗಳನ್ನು ಎಲ್ಲರಿಗೂ ಸೇರಿದುದೆಂದು ಬಿಡುವುದು ವಾಡಿಕೆ. ಗೇಣಿಯ ಆದಾಯವಿದ್ದಾಗ ಅದರಿಂದಲೇ ನಡೆಯುತ್ತಿದ್ದ ತಂಬಿಲಕ್ಕೂ ನೇಮಕ್ಕೂ ಈಗ ಕುಟುಂಬದವರಿಂದ ವಂತಿಗೆಯನ್ನು ಎತ್ತಬೇಕು. ವಂತಿಗೆ ಕೊಡತಕ್ಕವರು ಮುಂಬಯಿ, ಪುಣೆ, ಬೆಂಗಳೂರು, ಕೊಲ್ಲಿಯ ದೇಶಗಳು, ಇನ್ನೂ ದೂರ. ಹಣಕ್ಕೆ ರಶೀದಿ ಬೇಕು. ರಶೀದಿಗೆ ಸಂಸ್ಥೆ ಬೇಕು. ಹೀಗೆ ಹಲವು ಕುಟುಂಬಗಳು ತಮ್ಮ ದೈವಸ್ಥಾನಕ್ಕಾಗಿ ಟ್ರಸ್ಟುಗಳನ್ನು ಮಾಡಿಕೊಂಡು ಪತ್ರವನ್ನು ನೋಂದಣಿ ಮಾಡಿಸಿವೆ. ಒಂದು ಕಾಲಕ್ಕೆ ಯಜಮಾನನಿಗೆ ಅನ್ವಯಿಸದ ಇಂಗ್ಲಿಷರ ವ್ಯವಸ್ಥೆಯು ಚಾವಡಿಯೊಳಕ್ಕೆ ಬಂದು ಕುಳಿತಿತು. ಪ್ರತಿಯೊಂದು ಕವರಿನಿಂದ ಒಬ್ಬೊಬ್ಬ ಟ್ರಸ್ಟಿ, ಬ್ಯಾಂಕಿನ ಖಾತೆಗೆ ಇಬ್ಬರ ಇಲ್ಲವೆ ಮೂವರ ಸಹಿ, ಪ್ಯಾನ್ ಕಾರ್ಡು, ವರುಷಕ್ಕೊಮ್ಮೆ ಲೆಕ್ಕಪರಿಶೋಧಕರ ಮುದ್ರೆ. ಸಂಬಳವು ಆಗಲೂ ಇಲ್ಲ, ಈಗಲೂ ಇಲ್ಲ.

ಈ ಟ್ರಸ್ಟಿಯ ಪಾಡು ಹಳೆಯ ಯಜಮಾನನದಕ್ಕಿಂತ ಹಗುರವೆಂದು ಹೇಳಲು ಬರುವುದಿಲ್ಲ. ಹಳಬನಿಗೆ ಬೈಲಿನ ಬೆಳೆಯಾದರೂ ಇದ್ದಿತು. ಇವನ ಕೈಯಲ್ಲಿ ಇರುವುದು ವಂತಿಗೆಯ ಪಟ್ಟಿ ಮಾತ್ರ. ಹಿಂದೆ ಅಳಿಯನು ಮಾವನನ್ನು ಕೇಳಲು ನೇಮದ ದಿನವನ್ನು ಕಾಯಬೇಕಿತ್ತು. ಈಗ ಕುಟುಂಬದ ವಾಟ್ಸಾಪಿನಲ್ಲಿ ರಾತ್ರಿ ಹನ್ನೊಂದಕ್ಕೂ ಪ್ರಶ್ನೆ ಬರುತ್ತದೆ. ದೈವಸ್ಥಾನದ ಮಾಡಿಗೆ ತಾಮ್ರ ಹೊದಿಸಬೇಕೆನ್ನುವವರು ದೂರದಲ್ಲಿ ಇರುವವರು. ಬಡಗಿಯನ್ನು ಹುಡುಕಿ, ಮಳೆಗೆ ಮೊದಲು ಮುಗಿಸಿ, ದರವು ಹೆಚ್ಚಾಯಿತೇಕೆ ಎಂಬುದಕ್ಕೆ ಉತ್ತರ ಹೇಳಬೇಕಾದವನು ಊರಿನಲ್ಲಿ ಇರುವವನು. ಕಾಯಿದೆಯ ಪ್ರಕಾರ ಟ್ರಸ್ಟಿಗಳು ಒಟ್ಟಾಗಿ ನಡೆಯತಕ್ಕದ್ದು. ಒಬ್ಬನು ಮುಂಬಯಿಯಲ್ಲಿ, ಇನ್ನೊಬ್ಬನು ದುಬೈಯಲ್ಲಿ ಇರುವಾಗ ಒಟ್ಟಾಗಿ ನಡೆಯುವುದೆಂದರೆ ಸಹಿಗಾಗಿ ಕಾಯುವುದೆಂದೇ ಅರ್ಥ.

ಗಡಿಯಾದರೋ ಪತ್ರದಲ್ಲಿ ಬರೆಯುವ ವಿಷಯವಲ್ಲ. ಟ್ರಸ್ಟಿಯನ್ನು ಮೂರು ವರುಷಕ್ಕೊಮ್ಮೆ ಬದಲಾಯಿಸಬಹುದು. ಗಡಿ ಹಿಡಿದವನು ಸಾಯುವವರೆಗೂ ಅದನ್ನು ಹೊರಬೇಕು. ಊರನ್ನು ಬಿಟ್ಟು ಹಲವು ದಿನ ದೂರ ಇರಲಾಗದು. ಸೂತಕ, ಆಹಾರ, ನಡೆನುಡಿಗಳ ಕಟ್ಟು ಬೇರೆ. ಹಿರಿತನದಲ್ಲಿ ಸರದಿ ಬಂದವನಿಗೆ ಮುಂಬಯಿಯಲ್ಲಿ ಅಂಗಡಿಯಿದ್ದರೆ, ಹೆಂಡತಿಗೆ ಅಲ್ಲಿಯ ಶಾಲೆಯಲ್ಲಿ ಉದ್ಯೋಗವಿದ್ದರೆ, ಮೊಮ್ಮಗಳು ಅವನ ಕೈ ಹಿಡಿದು ಅಲ್ಲಿಯೇ ನಡೆಯಲು ಕಲಿಯುತ್ತಿದ್ದರೆ, ಕುಟುಂಬದವರು ಅವನಿಗೆ ಮತ್ತೆ ಮತ್ತೆ ಫೋನು ಮಾಡುತ್ತಾರೆ. ಅವನು ಇಲ್ಲವೆನ್ನುವುದಿಲ್ಲ, ಹೂಂ ಎನ್ನುವುದೂ ಇಲ್ಲ. ನೇಮದ ದಿನ ಬೇರೆ ಹಿರಿಯರು ಯಾರಾದರೂ ಎದುರು ನಿಂತು ಬೂಳ್ಯವನ್ನು ಸ್ವೀಕರಿಸುತ್ತಾರೆ. ಗಡಿಯ ಹೆಸರನ್ನು ಕೂಗಿ ಕರೆಯಬೇಕಾದಲ್ಲಿ ದೈವವು ಒಂದು ಗಳಿಗೆ ಸುಮ್ಮನಿದ್ದು, ಕುಟುಂಬದವರೆಲ್ಲರನ್ನೂ ಒಟ್ಟಾಗಿ ಕರೆದು ಮುಂದಿನ ಮಾತಿಗೆ ಹೋಗುತ್ತದೆ.